ಭುಜಬಲಿಯವರ ಅಂಗುಳಿಗೂ ಉಪವಾಸ

ನಮ್ಮ ರಿಪ್ಪನ್‌ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಭುಜಬಲಿಯವರು ಬಸ್ ಏಜೆಂಟರು. ಅವರು "ಸಾಗರಾ... ಸಾಗರಾ..." ಎಂದು ಕೂಗಿದರೆ ಹೊಸನಗರಕ್ಕೆ ಹೋಗಬೇಕಾದವನೂ ಒಮ್ಮೆ ಎದ್ದು ನಿಲ್ಲುತ್ತಿದ್ದ. ಎದುರಿಗೇ ಚಪ್ಪಲಿ ಅಂಗಡಿ ಇಟ್ಟುಕೊಂಡ ನನ್ನ ಕಿವಿಯ ಗತಿ ಕೇಳಬೇಡಿ.

ಹೋದ ವರ್ಷ ಅವರ ಅಂಗುಳಿನಲ್ಲಿ, ಕಿರುನಾಲಿಗೆಯ ಹತ್ತಿರ, ಗಡ್ಡೆ ಎದ್ದಿತು. ಆಪರೇಷನ್ನಿನಲ್ಲಿ ಗಡ್ಡೆಯ ಜೊತೆ ಅಂಗುಳಿನ ಹಿಂದಿನ ಮೆತ್ತನೆಯ ಭಾಗವನ್ನೂ ತೆಗೆದರು. ಜೀವವೇನೋ ಉಳಿಯಿತು, ಆದರೆ ಕುಡಿದ ನೀರು ಮೂಗಿಗೆ ಬರತೊಡಗಿತು, ಮಾತೂ ಮೂಗಿನಲ್ಲೇ ಸೋರಿಹೋಯಿತು. ಅವರು ಹೇಳಿದ್ದನ್ನು ಹೆಂಡತಿ ಚಂದ್ರಮತಿಯೇ ಊರಿಗೆಲ್ಲ ಬಿಡಿಸಿ ಹೇಳಬೇಕಾಯಿತು. ಕೊನೆಗೆ ಮಂಗಳೂರಿನ ದಂತವೈದ್ಯರೊಬ್ಬರು ಬಾಯಿಯ ಅಳತೆ ತೆಗೆದು, ಹಲ್ಲಿಗೆ ಸಿಕ್ಕಿಸುವ ತಟ್ಟೆಯೊಂದನ್ನು ಮಾಡಿಕೊಟ್ಟರು. ಅದರ ಹಿಂದೆ, ಮೂಗಿನ ದಾರಿ ಮುಚ್ಚಲು ಒಂದು ನುಣುಪಾದ ಗುಂಡು. ಅದನ್ನು ಹಾಕಿಕೊಂಡು ಭುಜಬಲಿಯವರು ಮತ್ತೆ ಮಾತು ಕಲಿತರು.

"ಸೋಮವಾರ ಬಂದು ಕೂಗಿ ನೋಡಿ ಭುಜಬಲಣ್ಣ," ಎಂದಿದ್ದ ಬಸ್ ಮಾಲೀಕ ರಾಜೇಂದ್ರ. "ಆಗ್ಲಿಲ್ಲ ಅಂದ್ರೆ ಮೈಕ್ ಹಾಕಿಸ್ತೀನಿ. ಬೇಜಾರ್ ಮಾಡ್ಕೋಬೇಡಿ."

ಸೋಮವಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಕೈಯೆತ್ತಿ ಬಾಯಿ ತೆರೆದರು. ಬಂದದ್ದು ಬರೀ ಗೊಣಗು. ಸಾಗರದ ಬಸ್ಸಿಗೆ ಒಬ್ಬರೂ ಹತ್ತಲಿಲ್ಲ. ರಾಜೇಂದ್ರ ಮುಖ ಬೇರೆ ಕಡೆ ತಿರುಗಿಸಿದ.

ಅಷ್ಟರಲ್ಲಿ ಆಟೋದಿಂದ ಚಂದ್ರಮತಿ ಇಳಿದರು, ಕೈಯಲ್ಲೊಂದು ಡಬ್ಬಿ.

"ರೀ, ಇದನ್ನ ಮನೇಲೇ ಬಿಟ್ಟು ಬಂದಿದೀರಲ್ರೀ!"

ಭುಜಬಲಿಯವರು ಬಾಯಿ ತೋರಿಸಿ ಕೈಯಾಡಿಸುತ್ತ ಏನೋ ಗೊಣಗಿದರು. ಚಂದ್ರಮತಿ ಎಂದಿನಂತೆ ನಮಗೆ ಬಿಡಿಸಿ ಹೇಳಿದರು. "ಇವತ್ತು ಚತುರ್ದಶಿ ಅಂತೆ. ಉಪವಾಸ ಅಂತೆ. ಬಾಯಿಗೆ ಏನೂ ಹಾಕ್ಬಾರ್ದಂತೆ!" ಆಮೇಲೆ ಗಂಡನ ಕಡೆ ತಿರುಗಿದರು. "ಇದೇನು ದೋಸೆನಾ? ಉಪವಾಸ ಅಂತ ಹಲ್ಲೂ ಕಿತ್ತಿಡ್ತೀರಾ? ಇದೂ ಈಗ ನಿಮ್ ಮೈಯೇ. ಹಾಕ್ಕೊಳ್ಳಿ."

ಇಡೀ ಬಸ್ ಸ್ಟ್ಯಾಂಡ್ ಗೊಳ್ಳೆಂದು ನಕ್ಕಿತು. ಭುಜಬಲಿಯವರು ನಾಚಿಕೊಂಡು ಗೋಡೆ ಕಡೆ ತಿರುಗಿ ಅದನ್ನು ಸಿಕ್ಕಿಸಿಕೊಂಡರು.

"ಆನಂದಪುರ... ಸಾಗರಾ... ಸಾಗರಾ!"

ಹಳೆಯ ಗಂಟಲಲ್ಲ, ಸ್ವಲ್ಪ ಒರಟು. ಆದರೆ ಒಂದೊಂದು ಅಕ್ಷರವೂ ಕೇಳಿಸಿತು. ಬೆಂಚಿನಲ್ಲಿದ್ದವರು ಚೀಲ ಎತ್ತಿಕೊಂಡು ಎದ್ದರು. ರಾಜೇಂದ್ರ ಮತ್ತೆ ಮೈಕಿನ ಮಾತೆತ್ತಲಿಲ್ಲ. ನನಗಂತೂ ಖುಷಿಯೋ ಖುಷಿ.

ಚಂದ್ರಮತಿ ಆಟೋದಲ್ಲಿ ಹೋಗಿ ಕುಳಿತರು. ಆಟೋದ ಕೆರಿಯಪ್ಪ ಗಾಡಿ ಶುರು ಮಾಡಿದ.

"ತಡಿಯಪ್ಪ, ಆಫ್ ಮಾಡು," ಎಂದರು ಆಕೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ತೀರ್ಥಳ್ಳಿ ಬಸ್ ಬರ್ತಾ ಇದೆ. ಅದನ್ನೂ ಕೂಗ್ಲಿ, ಕೇಳಿ ಹೋಗಣ."