ನಮ್ಮ ಭಾವನಿಗೆ ಮದ್ದು ತೆಗೆಸಿದ್ದು

ನನ್ನ ಗಂಡನ ಅಣ್ಣ ಪಾಲಯ್ಯ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಮೂವತ್ತೆರಡು ವರ್ಷ ದುಡಿದವರು. ನೂಲಿಗೆ ಗಂಜಿ ಹಿಡಿಸುವ ವಿಭಾಗ. ಇಡೀ ದಿನ ಹಬೆಯಲ್ಲಿ ಬೇಯುವ ಕೆಲಸ. ಬೆಳಿಗ್ಗೆ ಗುತ್ತೂರಿನ ನಮ್ಮ ಮನೆಯಿಂದ ಹರಿಹರದ ಸ್ಟೇಷನ್ನಿಗೆ ನಡೆದು ರೈಲು ಹತ್ತಿದರೆ, ಸಂಜೆ ಅದೇ ದಾರಿಯಲ್ಲಿ ವಾಪಸು. ಇಬ್ಬರು ಎತ್ತುವ, ನೂಲು ಸುತ್ತಿದ ಬೀಮನ್ನು ಒಬ್ಬರೇ ಎತ್ತುವ ಆಳು ಎಂದು ಗಿರಣಿಯಲ್ಲಿ ಹೆಸರು. ಆ ಮೈಕಟ್ಟೇ ಅವರಿಗೆ ಮುಳುವಾಯಿತು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ೧೯೫೮ರಲ್ಲಿ. ಆಗಲೇ ಭಾವನಿಗೂ ಮೈಲಮ್ಮಕ್ಕನಿಗೂ ಮದುವೆಯಾಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ನನಗೆ ನಾಲ್ಕು ವರ್ಷದಲ್ಲಿ ಎರಡಾದವು. ನನ್ನ ಚೊಚ್ಚಲ ಬಸುರಿನ ಕುಬುಸದ ದಿನ ಆರತಿ ಎತ್ತುವ ಹೊತ್ತಿಗೆ ಅತ್ತೆ ಕೆಂಚಕ್ಕ, "ಮೈಲಿ, ನೀ ಒಳಗ ಒಲಿ ನೋಡ್ಕ ಹೋಗು" ಅಂದರು. ಹೊಸ ಸೀರೆ ಉಟ್ಟು ಕೂತಿದ್ದ ಅಕ್ಕ ಎದ್ದು ಹೋದಳು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ನಾನೂ ಬಾಯಿ ಬಿಡಲಿಲ್ಲ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಅಕ್ಕನಿಗೆ ಬೇರು ಕುಡಿಸಿದರು, ತೊಗಟೆ ಕುಡಿಸಿದರು, ಸೋಮವಾರ ಶುಕ್ರವಾರ ಉಪವಾಸ ಕೆಡವಿದರು. ಭಾವನ ನಾಡಿ ಹಿಡಿಯೋಣ ಎಂದು ಯಾರಿಗೂ ಹೊಳೆಯಲಿಲ್ಲ. ಅಂಥ ಆಳಿಗೆ ಏನಾಗಿರಲು ಸಾಧ್ಯ?

ಕೊನೆಗೆ ಅತ್ತೆ ಎರಡನೇ ಮದುವೆ ಎಂದು ಹಟ ಹಿಡಿದರು. ಒಬ್ಬಳಿರುವಾಗ ಇನ್ನೊಬ್ಬಳನ್ನು ತರಬಾರದು ಎಂದು ಕಾಯಿದೆ ಬಂದಿತ್ತಂತೆ. ನಮ್ಮ ಓಣಿಯ ತನಕ ಅದು ಬಂದಿರಲಿಲ್ಲ. ಮಲೆಬೆನ್ನೂರಿನ ಗುತ್ತೆಪ್ಪನ ಮಗಳು, ಹದಿನೇಳರ ಹುಡುಗಿ, ಗೊತ್ತಾದಳು. ತನ್ನನ್ನು ತವರಿಗೆ ಅಟ್ಟದಿದ್ದರೆ ಸಾಕು ಎನ್ನುವಷ್ಟಕ್ಕೆ ಅಕ್ಕ ಇಳಿದುಬಿಟ್ಟಿದ್ದಳು.

ಮದುವೆ ನಿಶ್ಚಯದ ವೀಳ್ಯಕ್ಕೆ ಮೂರು ದಿನ ಇರುವಾಗ, ಎಲ್ಲರೂ ಉಣ್ಣಲು ಕೂತಿದ್ದಾಗ, ಭಾವ ತಲೆ ಎತ್ತದೆ ಹೇಳಿದರು: "ಈ ಮದುವಿ ಬ್ಯಾಡ. ಕೊರತೆ ನನ್ನಾಗ ಐತೆ, ಆಕಿ ಒಳಗಿಲ್ಲ."

ಗಿರಣಿಯ ಗೆಳೆಯ ಹಿದಾಯತ್ ಅವರನ್ನು ದಾವಣಗೆರೆಯ ಒಬ್ಬ ಡಾಕ್ಟರರ ಬಳಿ ಕರೆದೊಯ್ದಿದ್ದನಂತೆ. ಡಾಕ್ಟರು ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿದರು. ಎರಡು ಸಲವೂ ಅದರಲ್ಲಿ ಒಂದೂ ವೀರ್ಯಾಣು ಇರಲಿಲ್ಲ. ಗಿರಣಿಯ ಕಾವಿಗೆ ಹೀಗಾಯಿತೇ ಎಂದು ಭಾವ ಕೇಳಿದರು. ಕಾವಿಗೆ ಕಡಿಮೆಯಾಗಬಹುದು, ಹೀಗೆ ಪೂರ್ತಿ ಇಲ್ಲವಾಗುವುದು ಅಪರೂಪ. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದಿತ್ತೇ ಎಂದರು ಡಾಕ್ಟರು. ಬಂದಿತ್ತು, ಇಪ್ಪತ್ತರ ವಯಸ್ಸಿಗೆ. ಅತ್ತೆ ಕೆನ್ನೆಗೆ ಕೆಮ್ಮಣ್ಣು ಹಚ್ಚಿದ್ದರು. ಆಮೇಲೆ ಬಾವು ಕೆಳಗಿಳಿದು ವೃಷಣ ಎರಡೂ ಊದಿದವು. ಹನ್ನೆರಡು ದಿನ ನಡೆಯಲಾಗದೆ ಬಿದ್ದುಕೊಂಡಿದ್ದರೂ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಗಂಡಸುತನಕ್ಕೇನೂ ಆಗಿಲ್ಲ, ಆದರೆ ಬೀಜ ಬತ್ತಿದೆ, ಇದಕ್ಕೆ ಔಷಧಿಯಿಲ್ಲ, ಸುಮ್ಮನೆ ದುಡ್ಡು ಕಳೆಯಬೇಡಿ ಎಂದು ಡಾಕ್ಟರು ನೇರವಾಗಿ ಹೇಳಿದ್ದರು.

ಅತ್ತೆ ತಾಟು ಸರಿಸಿ ಎದೆ ಬಡಿದುಕೊಂಡರು. "ಅಯ್ಯೋ, ನನ್ನ ಮಗನ ಬಾಯಾಗ ಎಂಥಾ ಮಾತು ಆಡಿಸ್ಯಾಳ! ಮದ್ದು ಹಾಕ್ಯಾಳ ಇವನಿಗೆ!"

ಸ್ವಂತ ಬುದ್ಧಿಯಿಂದ ಯಾವ ಗಂಡಸು ಇಂಥ ಮಾತಾಡುತ್ತಾನೆ? ಅನ್ನದಲ್ಲಿ ಮದ್ದಿಟ್ಟು ಹೆಂಡತಿ ವಶ ಮಾಡಿಕೊಂಡಿದ್ದಾಳೆ ಎಂದು ಓಣಿಯೆಲ್ಲ ತೀರ್ಮಾನಿಸಿತು. ನನ್ನ ಗಂಡನೂ ಹಾಗೇ ಅಂದರು. ಮುಚ್ಚಿಡುವುದೇನು, ನಾನೂ ಅರ್ಧ ನಂಬಿದೆ.

ಮರುದಿನ ಹರಿಹರದಿಂದ ಮದ್ದು ತೆಗೆಯುವವನು ಬಂದ. ಒಂದು ಚೆಂಬು ಹಸಿರು ರಸ ಅರೆದು ಕೊಟ್ಟ. "ಇದನ್ನ ಕುಡಿದ್ರ ಆಕಿನ್ನ ಸುಮ್ಮನ ಬಿಡ್ತೀರೇನು?" ಎಂದು ಕೇಳಿ ಭಾವ ಗಟಗಟ ಕುಡಿದರು. ಹಿತ್ತಲಿನಲ್ಲಿ ನಾಲ್ಕು ಸಲ ವಾಂತಿಯಾಯಿತು. ಅವನು ಕಡ್ಡಿಯಿಂದ ಕೆದಕಿ ಅದೇನೋ ಕಪ್ಪು ಉಂಡೆ ತೋರಿಸಿದ. "ಈಗ ಹೇಳಪ್ಪ" ಅಂದರು ಅತ್ತೆ.

ಭಾವ ಬಾಯಿ ಒರೆಸಿಕೊಂಡರು. "ಡಾಕ್ಟರು ಹೇಳಿದ್ದನ್ನ ಹೇಳ್ತೀನವ್ವ. ಬ್ಯಾರೆ ಏನ್ ಹೇಳ್ಲಿ?"

"ಇನ್ನಾ ಒಳಗ ಉಳದೈತೆ" ಎಂದು ಅವನು ಚೆಂಬಿಗೆ ಕೈ ಹಾಕಿದ. ಅವನ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು ನನಗೆ.

ವೀಳ್ಯದ ಹಿಂದಿನ ದಿನ ಭಾವ ಗಿರಣಿಗೆ ರಜೆ ಹಾಕಿ ಮಲೆಬೆನ್ನೂರಿನ ಬಸ್ಸು ಹತ್ತಿದರು. ಗುತ್ತೆಪ್ಪನ ಜಗಲಿಯ ಮೇಲೆ ಕೂತು ಅದೇ ಮಾತು ಹೇಳಿದರು. ಗುತ್ತೆಪ್ಪ ಒಂದೇ ಸಲಕ್ಕೆ ನಂಬಿದ, ಹೆಣ್ಣು ಹೆತ್ತವನಲ್ಲವೇ. "ಹೇಳಿದ್ದು ಚಲೋ ಆತ್ರಿ, ನನ್ನ ಮಗಳು ಉಳಿದ್ಲು" ಎಂದು ಕೈ ಮುಗಿದನಂತೆ. ಮುಗಿದ ಕೈ ಇಳಿಸಿ ಸಂತೆಯಲ್ಲೆಲ್ಲ ಹೇಳಿಕೊಂಡು ಬಂದ. ಆ ಮಾತು ಗಿರಣಿಯ ಗೇಟಿಗೆ ತಲುಪಿ, ಭಾವ ನಿವೃತ್ತರಾಗುವ ತನಕ ಅಲ್ಲೇ ಉಳಿಯಿತು.

ಅವತ್ತು ಸಂಜೆ ಅವರು ಕಾಲೆಳೆಯುತ್ತಾ ಬಂದರು, ಆದರೆ ಮುಖ ಹಗುರಾಗಿತ್ತು. ಅಂಗಳದಲ್ಲಿ ನಾನೂ ಅಕ್ಕನೂ ಜೋಳ ಹಸನು ಮಾಡುತ್ತಿದ್ದೆವು. "ಮದುವಿ ಮುರೀತು ಮೈಲಿ. ಇನ್ನ ಈ ಮನಿಗೆ ಯಾರೂ ಹೆಣ್ಣು ಕೊಡಂಗಿಲ್ಲ" ಅಂದರು.

ಅಕ್ಕ ಮೊರ ಕೆಳಗಿಟ್ಟಳು. ಇಡೀ ಮನೆಯಲ್ಲಿ ಭಾವನ ಮಾತನ್ನು ಪೂರ್ತಿ ನಂಬಿದವಳು ಅವಳೊಬ್ಬಳೇ. ಅದಕ್ಕೇ ಕೇಳಿದಳು: "ಡಾಕ್ಟರು ಹೇಳಿದ್ದು ಯಾವಾಗ?"

ಭಾವ ಕಂಬಕ್ಕೆ ಒರಗಿ ಕೂತರು. "ಎರಡು ವರ್ಷ ಆತು. ಹೇಳಾಕ ನಾಚಿಕಿ ಆತು, ಮೈಲಿ."

"ಹೋದ ವರ್ಷ ನಾ ಹೊಳಿಗೆ ಬೀಳಾಕ ಹೋಗಿದ್ದೆ. ರಟ್ಟಿ ಹಿಡಿದು ಎಳಕೊಂಡು ಬಂದೋರು ನೀವ. ಆವತ್ತೂ ಗೊತ್ತಿತ್ತೇನು?"

ಇದು ನನಗೇ ಗೊತ್ತಿರದ ಸಂಗತಿ.

"ಗೊತ್ತಿತ್ತು" ಅಂದರು ಭಾವ.

ಅಕ್ಕ ಅಳಲಿಲ್ಲ, ಬೈಯಲಿಲ್ಲ. "ನಂಗ ಸಾಕಾಗೈತೆ" ಅಂದು ಎದ್ದು, ಅವರಿಗೆ ಕುಡಿಯಲು ನೀರು ತಂದಿಟ್ಟು, ಒಳಗೆ ಹೋಗಿ ಮಲಗಿದಳು.