ನೀರಿನಲ್ಲೇ ಉಸಿರುಗಟ್ಟಿದ ಮೀನು

ಬೆಟಗೇರಿಯ ನಮ್ಮ ಅಂಗಳದಲ್ಲಿ ಹಾಲಿನ ಕ್ಯಾನಿನ ಮುಚ್ಚಳ ತೆಗೆದರೆ, ನನ್ನ ಹೂವಿನ ಮುರ್ಲ ಮೀನು ಹೊಟ್ಟೆ ಮೇಲಾಗಿ ಸತ್ತಿತ್ತು. ಪಕ್ಕದಲ್ಲೇ ನೆರೆಮನೆಯ ಹುಸೇನಸಾಬ ಕಾಕಾ ಬಿಚ್ಚಿದ ಒದ್ದೆ ಗೋಣಿಚೀಲದಿಂದ ಅವರ ಕುಚ್ಚಿನ ಮುರ್ಲ ಛಂಗನೆ ನೆಗೆದು ಹಾಸುಗಲ್ಲಿನ ಮೇಲೆ ಬಿತ್ತು.

ಎಂಬತ್ತರ ದಶಕದ ಆರಂಭದ ಮಾತಿದು. ಆ ಬೆಳಗ್ಗೆ ಡಂಬಳದ ಕೆರೆಯಲ್ಲಿ ಇಬ್ಬರ ಗಾಳಕ್ಕೂ ಒಂದೊಂದು ಮೀನು ಬಿದ್ದಿತ್ತು. ನನ್ನದು ಮೊಳದುದ್ದ, ಬಾಲದ ಬುಡದಲ್ಲಿ ನವಿಲುಗಣ್ಣಿನಂಥ ಚುಕ್ಕೆ. ಕಾಕಾನದು ಗಿಡ್ಡ, ಕೆಸರುಬಣ್ಣ. ಆದರೂ ಜಗ್ಗಾಟದಲ್ಲಿ ಅದೇ ಗಟ್ಟಿಯೆಂದು ದಾರಿಯುದ್ದಕ್ಕೂ ಅವರ ವಾದ. ನಮ್ಮ ಬಾವಿಗೆ ಬಿಡಲೆಂದು ನಾನು ನನ್ನದನ್ನು ಕ್ಯಾನಿಗೆ ಹಾಕಿ, ಕಂಠದವರೆಗೆ ನೀರು ತುಂಬಿ, ಬಸ್ಸಿನಲ್ಲಿ ತುಳುಕದಂತೆ ಮುಚ್ಚಳ ಬಿಗಿದಿದ್ದೆ. ಕಾಕಾನ ಚೀಲ ನೋಡಿ ನಕ್ಕಿದ್ದೆ ಕೂಡ.

ಕಾಕಾ ಸತ್ತ ಮೀನನ್ನು ಮೆಲ್ಲಗೆ ಎತ್ತಿದರು. "ಮುರ್ಲ ಮ್ಯಾಲೆ ಬಂದು ಗಾಳಿ ನುಂಗ್ತಾವ್ರಿ ಮಾಸ್ತರ. ನೀವು ತುಸು ಜಾಗಾನೂ ಬಿಟ್ಟಿಲ್ಲ, ನೀರಾಗ ಉಸಿರುಗಟ್ಟಿ ಸತ್ತೈತಿ. ಇರ್ಲಿ, ನಂದನ್ನ ಬಾವಿಗೆ ಬಿಡ್ರಿ."

ಆ ಕೆಸರುಬಣ್ಣದ ಮೀನು ನಮ್ಮ ಬಾವಿಯಲ್ಲಿ ವರ್ಷಗಟ್ಟಲೆ ಬದುಕಿತು. ನೀರು ಸೇದಲು ಹೋದಾಗಲೆಲ್ಲ ಅದು ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಒಳಗಿಳಿಯುವವರೆಗೂ ನಾನು ಕೊಡವನ್ನು ನೀರಿಗೆ ಬಿಡುತ್ತಿರಲಿಲ್ಲ.