ನಿರ್ವಾತಣ್ಣನ ದಿಗ್ವಿಜಯ

ಆ ಮನೆಯಲ್ಲಿ ಟಿವಿಯ ರಿಮೋಟು ಅತ್ತೆಯ ಕೈಯಲ್ಲಿರುತ್ತಿತ್ತು, ಆದರೆ ಅದರ ಧರ್ಮಶಾಸ್ತ್ರ ಮಾತ್ರ ಅಳಿಯನದು. ತೆರೆಯ ಮೇಲೆ ಗಗನನೌಕೆ ಹೊರಗಿನಿಂದ ಕಂಡ ಕೂಡಲೇ ಅತ್ತೆ ಸದ್ದು ಅಡಗಿಸಬೇಕು, ಕ್ಯಾಮರಾ ನೌಕೆಯ ಒಳಹೊಕ್ಕ ಕೂಡಲೇ ಮತ್ತೆ ಬಿಡಬೇಕು. ಯಾಕೆಂದರೆ ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಗಾಳಿಯಿಲ್ಲದ ಕಡೆ ಸದ್ದಿಲ್ಲ. ಈ ಸತ್ಯವನ್ನು ಅಳಿಯ ಮದುವೆಯಾದ ಹೊಸತರಲ್ಲೇ ಮನೆಮಂದಿಗೆಲ್ಲ ಬೋಧಿಸಿದ್ದ. ಆಮೇಲೆ ಕ್ಷೌರದಂಗಡಿಯಲ್ಲಿ ಬೋಧಿಸಿದ, ಬಸ್ಸಿನಲ್ಲಿ ಬೋಧಿಸಿದ, ಒಮ್ಮೆ ಸಾವಿನ ಮನೆಯಲ್ಲೂ ತಡೆಯಲಾರದೆ ಬೋಧಿಸಿಬಿಟ್ಟ. "ಅದು ನಿರ್ವಾತ ಸ್ವಾಮಿ, ನಿರ್ವಾತ!" ಎಂದು ಮುಷ್ಟಿ ಬಿಗಿದು ಸಾರುತ್ತಿದ್ದ ರಭಸಕ್ಕೆ ಜನ ಅವನ ಹುಟ್ಟುಹೆಸರನ್ನೇ ಮರೆತು ನಿರ್ವಾತಣ್ಣ ಎಂದು ಕರೆಯತೊಡಗಿದರು. ಅವನು ಅದನ್ನು ಬಿರುದೆಂದೇ ಸ್ವೀಕರಿಸಿದ.

ಹೊಟ್ಟೆಪಾಡಿಗೆ ನಿರ್ವಾತಣ್ಣ ಲಿಫ್ಟ್ ಮೆಕ್ಯಾನಿಕ್. ಕಟ್ಟಡಗಳ ತಾರಸಿ ಹತ್ತಿ, ಮೋಟಾರು ಕೋಣೆಯ ಬಾಗಿಲು ತೆರೆದು, ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಗಾಲಿಯ ದಂಡ ಹೊತ್ತ ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಯೋಗಿಯಂತೆ ಕಣ್ಣು ಮುಚ್ಚುತ್ತಿದ್ದ. ಬೇರಿಂಗು ಸವೆಯತೊಡಗಿದರೆ ಸೊಳ್ಳೆ ಹಾಡಿದಂಥ ಸಣ್ಣ ಕೀರಲು ದನಿ ಬರುತ್ತದೆ. ಅದನ್ನು ಮೊದಲೇ ಕೇಳಿಸಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. "ನಿರ್ವಾತಣ್ಣ ಕೇಳಿದ್ದಾನೆ ಅಂದ್ಮೇಲೆ ಆಯ್ತು ಬಿಡು" ಎಂಬುದು ಕಂಪನಿಯಲ್ಲಿ ನಡೆದುಬಂದ ಮಾತು.

ಸಂಜೆ ಮನೆಗೆ ಬಂದು ಕಾಲು ಚಾಚಿದನೋ, ಸಿಂಹಾಸನ ಏರಿದ ಹಾಗೆ. ಅಲ್ಲಿಂದ ಅವನು ಬ್ರಹ್ಮಾಂಡದ ಲೋಪದೋಷಗಳನ್ನು ವಿಚಾರಿಸಿಕೊಳ್ಳುತ್ತಿದ್ದ. "ನಿನ್ನೆಗೆ ಹೋಗ್ತೀನಿ ಅಂತ ಕಾಲಯಂತ್ರ ಹತ್ತಿದ್ನಲ್ಲ, ನಿನ್ನೆ ಭೂಮಿ ಇದೇ ಜಾಗದಲ್ಲಿ ಇತ್ತೇನು? ಹೋಗಿ ಕತ್ತಲೇಲಿ ತೇಲಾಡ್ಲಿ ಬಡ್ಡೀಮಗ!" ಅನ್ಯಗ್ರಹದವರಿಗೆ ಎರಡೇ ಕೈ, ಎರಡೇ ಕಾಲು ಯಾಕೆಂದರೆ ಧಾರಾವಾಹಿಯವರ ದರ್ಜಿಗೆ ಬೇರೆ ಅಂಗಿ ಹೊಲಿಯಲು ಬರುವುದಿಲ್ಲ. ವಿಜ್ಞಾನ ಕಾರ್ಯಕ್ರಮದ ವಿದ್ವಾಂಸ ಪರಮಾಣುವನ್ನು ವಿವರಿಸಲು ಬೆಟ್ಟದ ಅಂಚಿನಲ್ಲೇ ಯಾಕೆ ನಿಲ್ಲಬೇಕು, ಅವನ ಮನೆಯಲ್ಲಿ ಪರಮಾಣು ಇಲ್ಲವೇ? ಇಷ್ಟೆಲ್ಲದರ ಮೇಲೆ ಒಂದು ಮಹಾಸೂತ್ರವಿತ್ತು: "ನೌಕೆಯ ಎಂಜಿನಿಯರು 'ಏನೂ ಆಗಿಲ್ಲ, ಎಲ್ಲಾ ಸರಿಯಾಗಿದೆ' ಅಂದ ಅನ್ನಿ, ಜಾಹೀರಾತು ಮುಗಿಯೋದ್ರೊಳಗೆ ಹೆಣ ಬೀಳುತ್ತೆ."

"ನಿಮ್ಮ ಬಾಯಲ್ಲಿ ಒಳ್ಳೇದೇ ಬರಲ್ವಲ್ಲ ಅಳಿಯಂದಿರೇ" ಎಂದು ಅತ್ತೆ ರಿಮೋಟು ಒತ್ತುತ್ತಿದ್ದಳು.

ಹೀಗಿರಲು ಹೊಸ ಧಾರಾವಾಹಿಯೊಂದು ಶುರುವಾಯಿತು. ಪರಭಾಷೆಯದು, ಮಾತೆಲ್ಲ ತೆರೆಯ ಕೆಳಗೆ ಕನ್ನಡ ಅಕ್ಷರಗಳಲ್ಲಿ ಬರುತ್ತಿತ್ತು. ಮೊದಲ ಯುದ್ಧದಲ್ಲಿ ನೂರಾರು ನೌಕೆಗಳು ಒಂದರ ಮೇಲೊಂದು ಕಿರಣ ಎಸೆದವು. ಅಡುಗೆಮನೆಯಿಂದ ಹೆಂಡತಿ ಏನೋ ಕೇಳಿದಳೆಂದು ಅತ್ತೆ ಆ ಕಡೆ ತಿರುಗಿದ್ದಳು, ರಿಮೋಟು ಒತ್ತಿರಲೇ ಇಲ್ಲ. ನಿರ್ವಾತಣ್ಣ ಮೆಲ್ಲಗೆ ಎದ್ದು ನಿಂತ. ಕಣ್ಣಲ್ಲಿ ನೀರು.

"ಅತ್ತೆ, ಸದ್ದು ಅಡಗಿಸಿದ್ರಾ?"

"ಇಲ್ಲಪ್ಪ, ಮರೆತೆ. ತಾಳಿ..."

"ಬೇಡ! ಮುಟ್ಟಬೇಡಿ! ನೋಡಿ, ಸದ್ದೇ ಇಲ್ಲ! ಕೊನೆಗೂ ಒಬ್ಬ ಪುಣ್ಯಾತ್ಮ ವಿಜ್ಞಾನ ಓದಿ ಧಾರಾವಾಹಿ ತೆಗೆದ!"

ಅತ್ತೆ ಟಿವಿ ನೋಡಿದಳು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೋಣೆ ತುಂಬ ಕುಂಯ್, ಕುಂಯ್ ಎಂದು ಕಿರಣಗಳು ಕಿವಿ ಸೀಳುವಂತೆ ಹಾರುತ್ತಿದ್ದವು. ಇಬ್ಬರೂ ಮುಖ ಮುಖ ನೋಡಿಕೊಂಡರು. ತಮಾಷೆಯಿರಬೇಕೆಂದು ಅತ್ತೆ ನಕ್ಕಳು. ಹೆಂಡತಿ ನಗಲಿಲ್ಲ.

ದಿಗ್ವಿಜಯದ ಸುದ್ದಿಯನ್ನು ನಿರ್ವಾತಣ್ಣ ಮರುದಿನ ತಮ್ಮ ಮನೆಯಿದ್ದ ಇಡೀ ಕಟ್ಟಡಕ್ಕೆ ಹಂಚಿದ. ಮೇಲ್ಮಹಡಿಯ ಟೈಲರಮ್ಮನಿಗೆ ಹೇಳಹೋದರೆ ಅವಳದೇ ಬೇರೆ ರಾಗ.

"ನಿಮ್ಮ ಆಕಾಶದ ವಿಷಯ ಆಮೇಲೆ ಹೇಳಿ ಅಣ್ಣ, ಈ ಲಿಫ್ಟಿಗೆ ಏನಾಗಿದೆ? ನನ್ನ ತಲೆ ಮೇಲೇ ಅದರ ಮೋಟಾರು. ಓಡಿದಾಗೆಲ್ಲ ಕಿವಿಗೆ ಸೂಜಿ ಚುಚ್ಚಿದ ಹಾಗೆ ಆಗುತ್ತೆ."

ಆ ಕಟ್ಟಡದ ಲಿಫ್ಟೂ ಅವನ ಸುಪರ್ದಿಯಲ್ಲೇ ಇತ್ತು. ನಿರ್ವಾತಣ್ಣ ತಾರಸಿಗೆ ಹೋದ, ಸ್ಕ್ರೂಡ್ರೈವರು ಒತ್ತಿದ, ಕಣ್ಣು ಮುಚ್ಚಿದ. ಮೋಟಾರಿನ ದಪ್ಪ ಗುಂಯ್ ಬಿಟ್ಟರೆ ಒಳಗೆ ನಿಷ್ಕಳಂಕ ಮೌನ. ಇಷ್ಟು ಸೊಗಸಾಗಿ ಓಡುವ ಮೋಟಾರನ್ನು ಅವನು ಈಚೆಗೆ ನೋಡಿರಲಿಲ್ಲ. ಅಲ್ಲ, ಈಚೆಗೆ ನೋಡಿದವೆಲ್ಲವೂ ಹೀಗೇ ಇದ್ದವು. ಹಳೇ ಮೋಟಾರುಗಳೂ ವಯಸ್ಸಾದಂತೆ ಸಾಧುಗಳಾಗುತ್ತವೆ ಎಂದುಕೊಂಡ.

"ಮೆದುಳು ಇಲ್ಲದ ಸದ್ದನ್ನ ತಾನೇ ಹುಟ್ಟಿಸುತ್ತೆ ಕಣಮ್ಮ. ಮೊನ್ನೆ ಕಾರ್ಯಕ್ರಮದಲ್ಲಿ ಹೇಳಿದ್ರು" ಎಂದು ಟೈಲರಮ್ಮನಿಗೆ ಅಭಯ ಕೊಟ್ಟ. "ಏನೂ ಆಗಿಲ್ಲ, ಎಲ್ಲಾ ಸರಿಯಾಗಿದೆ."

ಜೊತೆಗೇ ಬಂದು ಹಿಂದೆ ನಿಂತಿದ್ದ ಅತ್ತೆಗೆ ಯಾಕೋ ನೌಕೆಯ ಎಂಜಿನಿಯರು ನೆನಪಾದ. ಆದರೂ ಅಳಿಯ ಕೇಳಿ ಹೇಳಿದ ಮೇಲೆ ಮುಗಿಯಿತಲ್ಲ! ಸಂಜೆಯ ವಾಯುವಿಹಾರಕ್ಕೆ ಎಂದಿನಂತೆ ಲಿಫ್ಟಿನಲ್ಲೇ ಇಳಿದಳು, ಮರುದಿನವೂ ಇಳಿದಳು.

ಹೆಂಡತಿ ಮಾತ್ರ ಬಾಯಿ ಬಿಡದೆ ಗಮನಿಸುತ್ತಿದ್ದಳು. ಗಂಡ ಮಾತಿಗೆ ಮಾತು ಕೊಡುತ್ತಾನೆ, ಬಾಗಿಲು ಬಡಿದರೆ ಏಳುತ್ತಾನೆ. ಹಾಗಾದರೆ ಗಡಿಯಾರದ ಅಲಾರಾಂ? ಅದು ಕೆಟ್ಟಿದೆಯೆಂದು ಅವನು ಯಾವತ್ತೋ ಮೂಲೆಗೆ ಹಾಕಿದ್ದ. ಅದನ್ನು ತೆಗೆದು ಕೀಲಿ ಕೊಟ್ಟಳು. ಕಿರ್ರೆಂದು ಕಿರುಚಿತು. ಕೆಟ್ಟಿರಲೇ ಇಲ್ಲ.

ಆ ಸಂಜೆ ಸೀಟಿ ಹಾಕುವ ಕೆಟಲನ್ನು ಒಲೆಯ ಮೇಲಿಟ್ಟು ಗಂಡನನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ನೀರು ಕುದಿಯಿತು. ಸೀಟಿ ಮೊದಲು ನರಳಿ, ಆಮೇಲೆ ಚೀರತೊಡಗಿತು. ನಿರ್ವಾತಣ್ಣ ಕಪ್ಪುಕುಳಿಯ ಬಗ್ಗೆ ಮಾತಾಡುತ್ತಲೇ ಇದ್ದ.

"ರೀ, ಕೆಟಲು ಏನು ಹೇಳ್ತಿದೆ?"

"ಏನು ಹೇಳುತ್ತೆ, ಹಬೆ ಬಿಡ್ತಿದೆ. ಸೀಟಿ ಹೋಗಿದೆ ಅದರದ್ದು."

ಅವಳು ಅವನ ಬೆರಳು ಹಿಡಿದು ಸೀಟಿಯ ಮೇಲಿಟ್ಟಳು. ಬಿಸಿಗೆ ಬೆರಳು ಹಿಂದೆಗೆಯುವ ಮೊದಲೇ ಲೋಹ ನಡುಗುತ್ತಿದ್ದುದು ಅವನಿಗೆ ತಿಳಿಯಿತು. ನಡುಗಿದರೆ ಸದ್ದು. ಗಾಳಿಯಂತೂ ಇತ್ತು. ಮನೆ ತುಂಬ ಇತ್ತು.

"ಧಾರಾವಾಹಿಲೂ ಸದ್ದಿತ್ತು ರೀ" ಎಂದಳು ಮೆಲ್ಲಗೆ. "ಟೈಲರಮ್ಮ ಹೇಳಿದ್ದೂ ನಿಜ. ಮೆಟ್ಟಿಲ ಹತ್ರ ನಿಂತ್ರೆ ನನಗೂ ಕೇಳುತ್ತೆ."

ವಯಸ್ಸಾದಂತೆ ಸಣ್ಣ, ಕೀರಲು ದನಿಗಳೇ ಕಿವಿಯಿಂದ ಮೊದಲು ಜಾರುತ್ತವೆಂದು ಅವನೇ ಎಷ್ಟು ಜನಕ್ಕೆ ಉಪನ್ಯಾಸ ಕೊಟ್ಟಿದ್ದ! ಅವನು ಒಲೆ ಆರಿಸಿ ಎದ್ದ. ಆಮೇಲೆ, "ಅತ್ತೆ ಎಲ್ಲಿ?"

"ಕೆಳಗೆ ಹೋಗಿದ್ದಾಳೆ. ಬರೋ ಹೊತ್ತು."

ಗಗನವೀರರು ಯಾರೂ ಐವತ್ತು ದಾಟಿದ ಮೇಲೆ ತಾರಸಿಯ ಮೆಟ್ಟಿಲುಗಳನ್ನು ನಿರ್ವಾತಣ್ಣನ ಹಾಗೆ ಹತ್ತಿರಲಾರರು. ಮೋಟಾರು ಕೋಣೆಯಲ್ಲಿ ದೊಡ್ಡ ಗಾಲಿ ಆಗಲೇ ತಿರುಗುತ್ತಿತ್ತು, ತಂತಿಹಗ್ಗಗಳು ಜಾರುತ್ತಿದ್ದವು. ಅವನು ಬೇರಿಂಗಿನ ಮೇಲೆ ಅಂಗೈಯಿಟ್ಟು ಚಟ್ಟನೆ ಕಿತ್ತುಕೊಂಡ. ಕಾದ ಹೆಂಚು. ಹಿಂದಿನಿಂದ ಬಂದ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಅವನಿಗೆ ಎಲ್ಲವೂ ಶಾಂತವಾಗಿತ್ತು.

ಸ್ವಿಚ್ಚು ಕೆಡವಿದ. ಗಾಲಿ ನಿಂತಿತು. ಕೆಳಗಿನ ಕತ್ತಲ ಕೊಳವೆಯಿಂದ ಅತ್ತೆಯ ಬೈಗುಳ ಸಾಂಗವಾಗಿ ಮೇಲೇರಿ ಬಂತು; ಅದು ದಪ್ಪ ದನಿ, ಚೆನ್ನಾಗಿಯೇ ಕೇಳಿಸಿತು. ಬ್ರೇಕು ಸಡಿಲಿಸಿ, ಕೈಚಕ್ರವನ್ನು ಒಂದೊಂದೇ ಗೇಣು ತಿರುಗಿಸುತ್ತ ಪೆಟ್ಟಿಗೆಯನ್ನು ಹತ್ತಿರದ ಮಹಡಿಗೆ ತಂದು ನಿಲ್ಲಿಸಿದ. ಬೇರಿಂಗು ಕಚ್ಚಿಕೊಂಡು ದಂಡ ಮುರಿದಿದ್ದರೆ ಈ ಬ್ರೇಕು ಹಿಡಿಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಅವನು ಇಳಿದು ಬಾಗಿಲು ತೆರೆದಾಗ ಅತ್ತೆ ಹೊರಬಂದು, "ನಿಮ್ಮ ನಿರ್ವಾತಕ್ಕೆ ನನ್ನನ್ನೇ ಕಳಿಸೋ ಏರ್ಪಾಡಾ ಅಳಿಯಂದಿರೇ?" ಎಂದಳು.

ನಿರ್ವಾತಣ್ಣ ಹೆಂಡತಿಯೊಡನೆ ಮತ್ತೆ ತಾರಸಿಗೆ ಹೋಗಿ ಕಂಪನಿಯ ಸೂಪರ್‌ವೈಸರನಿಗೆ ಫೋನು ಹಚ್ಚಿದ.

"ಬೇರಿಂಗ್ ಹೋಗಿದೆ ಸಾರ್. ಲಿಫ್ಟು ನಿಲ್ಲಿಸಿದ್ದೀನಿ."

"ಮೊನ್ನೆ ನೀನೇ ಕೇಳಿ ಸರಿಯಿದೆ ಅಂದಿದ್ಯಲ್ಲೋ?"

"ಕಿವೀನೂ ಹೋಗಿದೆ ಸಾರ್."

ಅನ್ನ ಹೋಯಿತು ಎಂದುಕೊಂಡು ನಿರ್ವಾತಣ್ಣ ಕಾದ. ಆದರೆ ಸೂಪರ್‌ವೈಸರು ಕೇಳಿದ್ದು ಬೇರೆಯೇ.

"ಯಾವತ್ತಿಂದ?"

ನಿರ್ವಾತಣ್ಣ ತಲೆಯೆತ್ತಿದ. ಕಣ್ಣು ಹಾಯುವಷ್ಟು ದೂರ ತಾರಸಿಗಳು, ತಾರಸಿಗೊಂದು ಪುಟ್ಟ ಮೋಟಾರು ಕೋಣೆ. ಬಹುಪಾಲು ಅವನು ಕೇಳಿ ಸರಿಯೆಂದವು. ದೀಪಗಳು ಹೊತ್ತಿಕೊಳ್ಳುತ್ತಿದ್ದವು, ಕೆಲಸ ಮುಗಿಸಿದ ಜನ ಚೀಲ, ಮಕ್ಕಳು, ತರಕಾರಿ ಸಮೇತ ಮನೆಗೆ ಬರುವ ಹೊತ್ತು.

"ಗೊತ್ತಿಲ್ಲ ಸಾರ್. ಎಲ್ಲಾ ನಿಲ್ಲಿಸಿಬಿಡಿ. ನಾನೂ ಹೊರಟೆ."

ಫೋನು ಜೇಬಿಗೆ ಹಾಕಿ ಹೆಂಡತಿಯ ಕೈಗೆ ಸ್ಕ್ರೂಡ್ರೈವರು ಕೊಟ್ಟ.

"ಚಪ್ಪಲಿ ಹಾಕ್ಕೋ. ನಿನ್ನ ಕಿವಿ ಬೇಕು."

ಅವಳು ಕದಲಲಿಲ್ಲ. ಎದುರಿನ ಕಟ್ಟಡದ ಕಡೆಗೆ ಕತ್ತು ಓರೆ ಮಾಡಿ ನಿಂತಿದ್ದಳು.

"ಏನೇ?" ಎಂದ.

"ಶ್!" ಎಂದಳು ಅವಳು. ಆಮೇಲೆ ಮೆಟ್ಟಿಲ ಕಡೆಗೆ ಓಡಿದಳು.